ಪಿ ಎಂದರೂ ನಿಲ್ಲದ ಕಾರು

ಆಸ್ಪತ್ರೆಯ ನರ್ಸುಗಳಿಗೆ ಸಮವಸ್ತ್ರ ಹೊಲಿದುಕೊಡುತ್ತಿದ್ದ ಆಕೆಯನ್ನು ಬೀದಿಯವರೆಲ್ಲ ಟೈಲರಕ್ಕ ಎಂದೇ ಕರೆಯುತ್ತಿದ್ದರು. ಯಂತ್ರ ತುಳಿದು ತುಳಿದು ಎಡಮಂಡಿ ಮುಷ್ಕರ ಹೂಡಿದಾಗ, ಕ್ಲಚ್ ಒತ್ತುವ ರಗಳೆಯಿಲ್ಲದ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಕೊಂಡಳು. ಮೂವತ್ತು ವರ್ಷ ಬಸ್ಸು ಓಡಿಸಿದ್ದ ಗಂಡನಿಗೆ ಅದು ಲೆಕ್ಕಕ್ಕೇ ಇಲ್ಲ.

"ಗೇರ್ ಹಾಕದೆ ಓಡ್ಸೋದು ಗಾಡಿನೇ ಅಲ್ಲ ಕಣೇ, ಉರುಳೋ ಕುರ್ಚಿ," ಎನ್ನುತ್ತಿದ್ದ.

ಎರಡು ವರ್ಷ ಆ ಕುರ್ಚಿ ಚೆನ್ನಾಗಿಯೇ ಉರುಳಿತು. ಒಂದು ಬೆಳಿಗ್ಗೆ ಕೀಲಿ ತಿರುಗಿಸಿದರೆ ದೀಪಗಳೆಲ್ಲ ಹತ್ತಿದವು, ಇಂಜಿನ್ ಮಾತ್ರ ಪಿಟ್ಟೆನ್ನಲಿಲ್ಲ. ಮೆಕ್ಯಾನಿಕ್ ಬಂದು ಬ್ಯಾಟರಿ ಬದಲಿಸಿದ. ಮೂರನೆಯ ದಿನ ಮತ್ತೆ ಅದೇ ರಾಗ, ಅದೇ ಹಾಡು. ಸ್ಟಾರ್ಟರ್ ಬಿಚ್ಚಿ ನೋಡಿದ, ಅದು ಗಟ್ಟಿಮುಟ್ಟಾಗಿತ್ತು.

"ಗೇರ್‌ಬಾಕ್ಸೇ ಇಳಿಸ್ಬೇಕು ಅಕ್ಕಾ," ಎಂದು ತಲೆ ಕೆರೆದುಕೊಂಡ.

ಅಷ್ಟರಲ್ಲಿ ಕಾರೇ ಸುಳಿವು ಕೊಟ್ಟಿತು. ಹತ್ತು ಸಲ ಕೀಲಿ ತಿರುಗಿಸಿದ ಮೇಲೆ ಒಂದು ದಿನ ಅದು ಹೇಗೋ ಸ್ಟಾರ್ಟ್ ಆಗಿ ಆಸ್ಪತ್ರೆಯವರೆಗೂ ಬಂತು. ಆಸ್ಪತ್ರೆಯ ಹಿಂದಿನ ಇಳಿಜಾರಿನಲ್ಲಿ ಗೇರ್ ಹಿಡಿಯನ್ನು 'ಪಿ'ಗೆ, ಅಂದರೆ ಪಾರ್ಕಿಂಗಿಗೆ ತಳ್ಳಿ, ಟೈಲರಕ್ಕ ಕೆಳಗಿಳಿದಳು. ಬಟ್ಟೆಯ ಗಂಟಿಗೆ ಕೈ ಹಾಕುವಷ್ಟರಲ್ಲಿ ಕಾರು ಮೆಲ್ಲಗೆ ಜಾರತೊಡಗಿತು. ಪಕ್ಕದ ಸೀಟಿನಲ್ಲಿ ತೂಕಡಿಸುತ್ತಿದ್ದ ಗಂಡ ದಡಬಡಿಸಿ ಹ್ಯಾಂಡ್‌ಬ್ರೇಕ್ ಎಳೆಯದಿದ್ದರೆ ಅದು ಗೋಡೆಗೆ ಮುತ್ತಿಡುತ್ತಿತ್ತು.

ಅವನಿಗೆ ಬೆವರು, ಅವಳಿಗೆ ಮಾತ್ರ ಏನೋ ಹೊಳೆದ ಮುಖ.

"ರೀ, ಹಿಡಿ ಪಿ ಅಂತಿದೆ, ಒಳಗಿನ ಗೇರ್ ಪೆಟ್ಟಿಗೆ ಅಲ್ಲ ಅಂತಿದೆ. ಗೇರಿನಲ್ಲಿದ್ರೆ ಈ ಗಾಡಿ ಸ್ಟಾರ್ಟ್ ಆಗಲ್ವಲ್ಲ, ಅದಕ್ಕೇ ಸ್ಟಾರ್ಟೂ ಆಗ್ತಿಲ್ಲ. ತುಳಿದ್ರೂ ಸೂಜಿ ಏಳದೇ ಇದ್ರೆ ನಾನು ಸೂಜಿ ಬದಲಾಯಿಸ್ತೀನಾ? ಮೊದಲು ಬೆಲ್ಟ್ ನೋಡ್ತೀನಿ. ಇದರಲ್ಲೂ ಮಧ್ಯದಲ್ಲೆಲ್ಲೋ ಸಡಿಲ ಇದೆ."

ಮನೆಯ ಮುಂದೆ, ಸಮತಟ್ಟಾದ ಕಡೆ, ಚಕ್ರಗಳಿಗೆ ಕಲ್ಲು ಕೊಟ್ಟು ಬಾನೆಟ್ ಎತ್ತಿದಳು. ಇಂಜಿನ್ ಆಫ್ ಇತ್ತು. ಗಂಡ ಬ್ರೇಕ್ ತುಳಿದು ಕೂತ.

"ಹಿಂದಕ್ಕೆ ಎಳೀರಿ. ಈಗ ಮತ್ತೆ ಪಿ. ನಿಧಾನಕ್ಕೆ! ಅದೇನು ಬಸ್ಸಾ?"

ಹಿಡಿ ಆಡಿದಾಗಲೆಲ್ಲ ಕೇಬಲ್ ಮುಂದೆ ಹೋಗುತ್ತಿತ್ತು, ಗೇರ್‌ಬಾಕ್ಸಿನ ಸನ್ನೆಕೋಲು ಸೋಮಾರಿಯಂತೆ ಹಿಂದೆ ಉಳಿಯುತ್ತಿತ್ತು. ಅವೆರಡನ್ನೂ ಜೋಡಿಸುವ ಪ್ಲಾಸ್ಟಿಕ್ ಬುಷ್, ಹೆಬ್ಬೆರಳ ಉಗುರಿನಷ್ಟು ಅಗಲದ್ದು, ಹಳೆಯ ಗುಂಡಿಯಂತೆ ಒಡೆದು ಚೂರಾಗಿತ್ತು.

"ನಿನ್ನ ಗಟ್ಟಿ ನೂಲಲ್ಲೇ ಸುತ್ತಿ ಕಟ್ಟಿಬಿಡೇ," ಎಂದ ಗಂಡ.

"ಆಮೇಲೆ ನರ್ಸಮ್ಮಂದಿರ ಮೇಲೆ ಹಾಯಿಸೋದಕ್ಕಾ? ಸುಮ್ನಿರಿ."

ಮೆಕ್ಯಾನಿಕ್ ಹೊಸ ಬುಷ್ ತಂದು ಕೂರಿಸಿ ಕೇಬಲ್ ಸರಿಹೊಂದಿಸಿದ. ಪಿಯಲ್ಲಿಟ್ಟು ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟ್. ಇಳಿಜಾರಿನಲ್ಲೂ ಕದಲಲಿಲ್ಲ.

"ನಾನು ಬೆಟ್ಟ ಅಗೆಯೋಕೆ ಹೊರಟಿದ್ದೆ ಅಕ್ಕಾ. ನೀವು ಅಗೆಯದೇನೇ ಇಲಿ ಹಿಡಿದ್ರಲ್ಲ!" ಎಂದು ಮನಸಾರೆ ನಕ್ಕ.

ಗಂಡನಿಗೆ ಅದೇನನ್ನಿಸಿತೋ, "ಎಲ್ಲಿ, ನಾನೊಂದು ಸುತ್ತು ಹಾಕ್ತೀನಿ," ಎಂದು ಸ್ಟೀರಿಂಗ್ ಹಿಡಿದ. ಟೈಲರಕ್ಕ ಪಕ್ಕದಲ್ಲಿ ಕೂತಳು. ಮೊದಲ ತಿರುವಿನಲ್ಲೇ ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಹೋಗಿ ಬ್ರೇಕನ್ನು ಧಡ್ ಎಂದು ತುಳಿಯಿತು. ಹಿಂದಿದ್ದ ಸಮವಸ್ತ್ರಗಳೆಲ್ಲ ಹಾರಿ ಬಂದು ಇಬ್ಬರ ತಲೆಯ ಮೇಲೆ ಕೂತವು.

ಟೈಲರಕ್ಕ ಮುಖದ ಮೇಲೆ ಬಿದ್ದ ಅಂಗಿತೋಳನ್ನು ಸರಿಸಿ, "ಆ ಎಡಗಾಲನ್ನ ಮನೇಲೇ ಬಿಟ್ಟು ಬನ್ನಿ ರೀ," ಎಂದಳು. ನಗು ತಡೆಯಲಾಗದೆ ಇಬ್ಬರೂ ಅಲ್ಲೇ ಎರಡು ನಿಮಿಷ ಕೂತರು.

ಮಾರನೆಯ ವಾರದಿಂದ ಆಸ್ಪತ್ರೆಗೆ ಬಟ್ಟೆ ಮುಟ್ಟಿಸುವ ಕೆಲಸ ಅವನದೇ ಆಯಿತು.