ಬೆಂಕಿ ಕಂಡ ಹಿತ್ತಾಳೆ

ಲಿಂಡ್ಸೆ ಟ್ರೆವಿನ್‌ನಂಥ ಗಿರಾಕಿಗಳು ಇನ್ನೂ ನಾಲ್ವರಿದ್ದಿದ್ದರೆ ನಾನು ಅಂಗಡಿಗೆ ಬೀಗ ಜಡಿದು ಕುರಿ ಉಣ್ಣೆ ಕತ್ತರಿಸಲು ಹೋಗಬೇಕಾಗುತ್ತಿತ್ತು. ಮೇವು, ಬೇಲಿತಂತಿ, ಕೋವಿ, ಮದ್ದು ಎಲ್ಲ ಸಿಗುವ ಅಂಗಡಿ ನಮ್ಮೂರಲ್ಲಿ ನನ್ನದೊಂದೇ. ಆದರೂ ಅವನು ಜನ್ಮದಲ್ಲಿ ಒಂದು ಹೊಸ ತೋಟಾ ಕೊಂಡವನಲ್ಲ. ಅಪ್ಪನ ಕಾಲದ ಕೋವಿ ಅವನದು. ಹಳೇ ಮಿಲಿಟರಿ ತೋಟಾದ ಕತ್ತು, ಅಂದರೆ ಗುಂಡು ಕೂರುವ ಬಾಯಿ, ಹಿಸುಕಿ ಕಿರಿದು ಮಾಡಿದರೆ ಮಾತ್ರ ಅದಕ್ಕೆ ಹಿಡಿಸುತ್ತಿತ್ತು. ನರಿ ಹೊಡೆದರೆ ನರಿಯನ್ನು ಅಲ್ಲೇ ಬಿಟ್ಟು, ಹುಲ್ಲಿಗೆ ಬಿದ್ದ ತೋಟಾದ ಖಾಲಿ ಹಿತ್ತಾಳೆ ಕೊಳವೆಯನ್ನು ಮಂಡಿಯೂರಿ ಹುಡುಕುವ ಆಸಾಮಿ. ಅದಕ್ಕೇ ಮತ್ತೆ ಮದ್ದಿಗೆ ಕಿಡಿ ಕೊಡುವ ಕೇಪು, ಮತ್ತೆ ಮದ್ದು, ಮತ್ತೆ ಗುಂಡು. ಹುಡುಕಿದ್ದನ್ನು ಜೇಬಿಗೆ ಹಾಕಿ ಮರೆಯುತ್ತಿದ್ದ. ಬಟ್ಟೆ ಒಗೆಯುವ ಮೆಷಿನ್ನಿನಲ್ಲಿ ಅದು ಗಡಗಡ ಅಂದಾಗಲೆಲ್ಲ ಹೆಂಡತಿ ನೊರೀನ್ ಬೈಯುತ್ತಿದ್ದಳು.

ನಮ್ಮ ಕಡೆ ಫೆಬ್ರವರಿ ಎಂದರೆ ಕಡುಬೇಸಿಗೆ. ಆ ಫೆಬ್ರವರಿಯಲ್ಲಿ ಬಡಗಣ ಗಾಳಿಗೆ ಹುಲ್ಲಿನ ಬೆಂಕಿ ರಸ್ತೆ ಹಾರಿತು. ಲಿಂಡ್ಸೆಯ ಮನೆ ಉಳಿಯಿತು, ಶೆಡ್ಡು ಹೋಯಿತು. ಅವನ ಹಿಯರ್‌ಫರ್ಡ್ ತಳಿಯ ಹಸುಗಳು ಬೆಂಕಿಯೊಳಗಿಂದ ನಡೆದು ಬಂದು ಕೆಳಗಿನ ಬೇಲಿಯ ಮೂಲೆಯಲ್ಲಿ ನಿಂತವು. ಗೊರಸು ಕಳಚಿತ್ತು, ಕೆಚ್ಚಲು ಬೆಂದಿತ್ತು. ಸಾಯದೆ, ಮಲಗದೆ ನಿಂತೇ ಇದ್ದವು.

ಮರುದಿನ ಬೆಳಿಗ್ಗೆ ಅವನು ಅಂಗಡಿಗೆ ಬಂದ. ಸುತ್ತಲಿನವರೆಲ್ಲ ಸುಟ್ಟ ದನಕುರಿಗಳಿಗೆ ಮುಕ್ತಿ ಕೊಡಲು ಒಯ್ದಿದ್ದರಿಂದ ನನ್ನ ಕಪಾಟಿನಲ್ಲಿ ಒಂದು ತೋಟಾವೂ ಉಳಿದಿರಲಿಲ್ಲ. ನನ್ನ ಸ್ವಂತ ಕೋವಿ ಪಶುವೈದ್ಯನ ಜೊತೆ ಹೋಗಿತ್ತು. ಅವನಿಗೆ ಇತ್ತ ತಲೆಹಾಕಲು ನಾಳೆಯೇ ಆಗಬೇಕು. ಲಿಂಡ್ಸೆಗೆ ಬೇಕಾದದ್ದು ಮದ್ದು, ಕೇಪು, ಗುಂಡು ಮತ್ತು ತೋಟಾ ತುಂಬುವ ನನ್ನ ಹಳೇ ಇಕ್ಕಳ. ಹಿತ್ತಾಳೆ ತನ್ನಲ್ಲಿದೆ ಎಂದು ಡಬ್ಬಿ ತೆರೆದ. ಮದುವೆಮನೆ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಹತ್ತಿರ ಹೋದರೆ ವಿನೆಗರ್ ವಾಸನೆ, ಮಸಿ ತೊಳೆದು ತಂದಿದ್ದ.

ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಶೆಡ್ಡಿನ ಬೂದಿಯಲ್ಲಿ ಎಂದ.

"ಲಿಂಡ್ಸೆ, ಇದು ಬೆಂದುಹೋದ ಹಿತ್ತಾಳೆ ಕಣಯ್ಯ."

"ಕತ್ತು ಸೀಳದೆ ಇರ್ಲಿ ಅಂತ ನೀನೇ ಕಾಯಿಸಿ ಕೊಡ್ತೀಯಲ್ಲ. ಈ ಸಲ ಬೆಂಕಿನೇ ಪುಕ್ಕಟೆ ಮಾಡ್ಕೊಟ್ಟಿದೆ."

"ನಾನು ಬುಡಾನ ನೀರಲ್ಲಿ ನಿಲ್ಸಿ ಕತ್ತನ್ನಷ್ಟೇ ಕಾಯ್ಸೋದು ಮಾರಾಯ."

ಮಾತಿಗೆ ಬಗ್ಗುವವನಲ್ಲ ಎಂದು ಒಂದನ್ನು ಬುಡದ ಹತ್ತಿರ ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ ಬಿಗಿದೆ. ಗಟ್ಟಿಯಾಗಿ ಎದುರು ನಿಲ್ಲಬೇಕಾದ ಬುಡ ಸೀಸದ ಹಾಗೆ ಚಪ್ಪಟೆಯಾಯಿತು. ಮದ್ದು ಹೊತ್ತಿದಾಗ ಒತ್ತಡ ಗುಂಡನ್ನು ಮುಂದೆ ನೂಕುವಷ್ಟೇ ಜೋರಾಗಿ ಬುಡವನ್ನು ಹಿಂದಕ್ಕೂ ಒದೆಯುತ್ತದೆ. ಬುಡ ಮೆತ್ತಗಿದ್ದರೆ ಕೇಪು ಕೂರುವ ಗುಳಿ ಹಿಗ್ಗಿ, ಸಂದಿನಲ್ಲಿ ಬೆಂಕಿ ನುಗ್ಗುತ್ತದೆ, ಹೊಡೆಯುವವನ ಮುಖಕ್ಕೆ. ಇದೆಲ್ಲ ಅವನಿಗೆ ಗೊತ್ತಿಲ್ಲದ್ದಲ್ಲ.

"ಮದ್ದು ಅರ್ಧ ಹಾಕು," ಅಂದ.

"ಅರ್ಧ ಹಾಕಿದ್ರೆ ಹಸೂನೂ ಅರ್ಧ ಸಾಯತ್ತೆ."

ಅವನು ಡಬ್ಬಿಯನ್ನು ನನ್ನತ್ತ ನೂಕಿದ. "ನಂದೊಂದು ಕಣ್ಣು ಹೋಗ್ಲಿ ಬಿಡು. ನನ್ನ ಪಿಕಪ್ ಸದ್ದು ಕೇಳಿದ್ರೆ ಹಸುಗಳು ಮೇವು ತಂದೆ ಅಂದ್ಕೊಂಡು ಬರಕ್ಕೆ ನೋಡ್ತಾವೆ ಕಣೋ. ಕಾಲು ಊರಕ್ಕಾಗಲ್ಲ."

ಡಬ್ಬಿಯನ್ನು ಗಲ್ಲಾದ ಕೆಳಗೆ ತಳ್ಳಿ ನೊರೀನ್‌ಗೆ ಫೋನು ಮಾಡಿದೆ. ಮನೆಯಲ್ಲಿರುವ ಜೇಬುಗಳನ್ನೆಲ್ಲ ಕೊಡವಲು ಹೇಳಿದೆ. ಆಮೇಲೆ ಇಕ್ಕಳ, ಮದ್ದು, ಕೇಪು, ಗುಂಡು ಎತ್ತಿಕೊಂಡು ಅವನ ಪಿಕಪ್ ಹತ್ತಿದೆ.

ಅಡಿಗೆಮನೆ ಮೇಜಿನ ಮೇಲೆ ಒಂದು ಹಿಡಿ ಹಿತ್ತಾಳೆ ಕಾದಿತ್ತು. ಮಳೆಕೋಟಿನದು, ಬಟ್ಟೆಕ್ಲಿಪ್ಪಿನ ಬುಟ್ಟಿಯದು, ಹೊಲಿಗೆ ಪೆಟ್ಟಿಗೆಯದು. "ಚರ್ಚಿಗೆ ಹಾಕೋ ಕೋಟಲ್ಲೂ ಇತ್ತು," ಎಂದಳು ನೊರೀನ್. ಬೈಯಲಿಲ್ಲ. ಬಣ್ಣ ಮಂಕು, ಆದರೆ ಬೆಂಕಿ ಕಾಣದ ಮಾಲು. ಹಸುಗಳು ಮಾತ್ರ ಅದಕ್ಕಿಂತ ಜಾಸ್ತಿ ಇದ್ದವು.

ಹಾಗಾಗಿ ಪಿಕಪ್ಪಿನ ಹಿಂಬಾಗಿಲ ಮೇಲೆ ಕೂತು ನಾನು ತುಂಬುವುದು, ಅವನು ಹೋಗಿ ಹೊಡೆಯುವುದು, ಖಾಲಿಯಾದದ್ದನ್ನು ಬೂದಿಯಿಂದ ಹೆಕ್ಕಿ ತರುವುದು, ನಾನು ಮತ್ತೆ ತುಂಬುವುದು. ಹೊಡೆಯುವ ಮುಂಚೆ ಪ್ರತಿ ಹಸುವನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಅದು ತಲೆ ಎತ್ತುತ್ತಿತ್ತು. ಅವನ ಅಪ್ಪನ ಕಾಲದಿಂದ ದುಡಿದ ಹಿತ್ತಾಳೆ, ಹೊಡೆದಷ್ಟೂ ಗುಳಿ ಸಡಿಲ. ಗುಳಿಯಲ್ಲಿ ಕೇಪು ಬಿಗಿಯಾಗಿ ಕೂತರೆ ಮುಂದಕ್ಕೆ, ಸಲೀಸಾಗಿ ಜಾರಿದರೆ ನನ್ನ ಜೇಬಿಗೆ. ಸುತ್ತು ಸುತ್ತಿಗೂ ನನ್ನ ಜೇಬು ಭಾರವಾಯಿತು.

ಕೊನೆಗೆ ಒಂದು ಹಸು ಉಳಿಯಿತು, ಮಂದೆಯ ಮುಂದಾಳು ಪ್ಯಾನ್ಸಿ. ಹಿತ್ತಾಳೆಯೂ ಒಂದೇ. ಕೇಪು ಒತ್ತಿದೆ, ಬೆರಳಿಗೆ ಏನೂ ತಡೆಯಲಿಲ್ಲ. ಅಂಗೈ ಮೇಲೆ ತಟ್ಟಿದೆ. ಕೇಪು ಉದುರಿ ಬಿತ್ತು.

"ಹಾಕು," ಅಂದ ಲಿಂಡ್ಸೆ.

"ಇಲ್ಲ."

"ನಿಂಗೆ ಕೈ ಮುಗೀತೀನಿ."

ಅದನ್ನೂ ಜೇಬಿಗೆ ಹಾಕಿಕೊಂಡೆ. ಅವನು ಮನೆಯತ್ತ ನಡೆದು ಕೋವಿಯನ್ನು ನೊರೀನ್ ಕೈಗೆ ಕೊಟ್ಟು, ಬಕೆಟ್ಟಿನಲ್ಲಿ ನೀರು ಹಿಡಿದು ಬೇಲಿಯ ಮೂಲೆಗೆ ಹೋದ. ಟೋಪಿ ಅದ್ದಿ ಅದ್ದಿ ಪ್ಯಾನ್ಸಿಯ ನಾಲಿಗೆಗೆ ಹಿಂಡುತ್ತ, ಮರುದಿನ ಪಶುವೈದ್ಯ ಬರುವತನಕ ಅದರ ಮುಖದ ಕೆಳಗೇ ಕೂತಿದ್ದ.

ವೈದ್ಯ ಬಂದು ಒಂದೇ ಗುಂಡಿಗೆ ಮುಗಿಸಿದ. ಹಾರಿದ ಹಿತ್ತಾಳೆ, ಹೊಚ್ಚಹೊಸದು, ಲಿಂಡ್ಸೆಯ ಬೂಟಿನ ಪಕ್ಕದಲ್ಲೇ ಬೂದಿಗೆ ಬಿತ್ತು. ಅವನು ಬಗ್ಗಲಿಲ್ಲ.