ಕಿಟಕಿ ಬದಿಯ ಮೇಜು

ನಮ್ಮ ಚಿಕ್ಕಮ್ಮ ಹಾಲು ಕಾಯಿಸುವಾಗಲೂ ಕೈಗಡಿಯಾರ ನೋಡುವವಳು. ಮಕ್ಕಳೆಲ್ಲ ಸೇರಿ ಅವಳನ್ನು ಗಡಿಯಾರದಮ್ಮ ಎಂದು ಗೋಳು ಹೊಯ್ದುಕೊಳ್ಳುತ್ತಿದ್ದೆವು. ತಪ್ಪು ಅವಳದಲ್ಲ, ಅವಳ ಕೆಲಸದ್ದು.

ಆಸ್ಪತ್ರೆಯ ಹಿಂದಿನ ಪ್ರಯೋಗಾಲಯದಲ್ಲಿ ಅವಳು ಹದಿನಾಲ್ಕು ವರ್ಷ ಸಹಾಯಕಿಯಾಗಿದ್ದಳು. ಲಿವರ್ ಆಪರೇಷನ್ ಮಾಡುವಾಗ ರಕ್ತ ಸೋರದಿರಲೆಂದು ಅದಕ್ಕೆ ಹೋಗುವ ರಕ್ತನಾಳಕ್ಕೆ ಸ್ವಲ್ಪ ಹೊತ್ತು ಕ್ಲಿಪ್ ಹಾಕುತ್ತಾರೆ. ರಕ್ತ ನಿಂತಾಗ ಲಿವರ್ ಸೊರಗುತ್ತದೆ. ವಿಚಿತ್ರವೆಂದರೆ, ಕ್ಲಿಪ್ ತೆಗೆದು ರಕ್ತ ಮತ್ತೆ ನುಗ್ಗಿದಾಗ ಇನ್ನಷ್ಟು ಹಾಳಾಗುತ್ತದೆ. ಅದನ್ನು ತಪ್ಪಿಸುವ ಔಷಧಿ ಹುಡುಕುತ್ತಾ, ಇಲಿಗಳ ಮೇಲೆ ಪ್ರಯೋಗ ಮಾಡುತ್ತಾ ಅಲ್ಲಿನ ಡಾಕ್ಟರು ತಲೆ ನರೆಸಿಕೊಂಡಿದ್ದರು. ಇಲಿಗೆ ಕ್ಲಿಪ್ ಹಾಕಿ ಅರವತ್ತು ನಿಮಿಷ ಆದ ಕೂಡಲೇ "ಸಾರ್, ಬಿಡಿ" ಎನ್ನುವುದು ಚಿಕ್ಕಮ್ಮನ ಕೆಲಸ. ಮಂಪರಿನಲ್ಲಿರುವ ಇಲಿಯ ಕಿವಿ ಸವರುತ್ತಿದ್ದಳು ಕೂಡ. ಅದು ಯಾರೂ ಹೇಳಿದ್ದಲ್ಲ.

ಆ ವರ್ಷ ಔಷಧಿ ಕೊಟ್ಟ ಇಲಿಗಳ ಲಿವರ್ ಚೆನ್ನಾಗಿ ಉಳಿದುಕೊಂಡಿತು. ಡಾಕ್ಟರ ನಿವೃತ್ತಿಗೆ ಎರಡು ತಿಂಗಳಿತ್ತು. ಅವರು ಶಿಳ್ಳೆ ಹಾಕುತ್ತಾ ಮೆಟ್ಟಿಲಿಳಿದರಂತೆ! ಇನ್ನು ರೋಗಿಗಳಿಗೆ ಕೊಟ್ಟು ನೋಡುವ ಮಾತು ನಡೆಯಿತು.

ಮರುವಾರ ಕಿಟಕಿ ಬದಿಯ ಮೇಜು ಒರೆಸುವಾಗ ಚಿಕ್ಕಮ್ಮ ಇಲಿಗಳನ್ನು ಬೆಚ್ಚಗಿಡುವ ಕರೆಂಟ್ ಹಾಸಿನ ಮೇಲೆ ಅಂಗೈ ಊರಿದಳು. ಅದರ ಕೆಂಪು ದೀಪ ಉರಿಯುತ್ತಿತ್ತು, ಹಾಸು ಮಾತ್ರ ತಣ್ಣಗಿತ್ತು. ಯಾವಾಗಿನಿಂದ ಹಾಗಿತ್ತೋ! ಔಷಧಿ ಕೊಟ್ಟ ಇಲಿಗಳು ಕಿಟಕಿ ಬದಿಗೆ, ಕೊಡದವು ಗೋಡೆ ಬದಿಗೆ. ಅದಲುಬದಲಾಗದಿರಲೆಂದು ಆ ಏರ್ಪಾಟು ಮಾಡಿದವಳು ಅವಳೇ. ಮೈ ತಣ್ಣಗಿದ್ದರೆ ರಕ್ತವಿಲ್ಲದೆಯೂ ಲಿವರ್ ಹೆಚ್ಚು ಹೊತ್ತು ತಾಳುತ್ತದೆ. ಹಾಗಾದರೆ ಇಲಿಗಳನ್ನು ಕಾಪಾಡಿದ್ದು ಔಷಧಿಯೋ, ಚಳಿಯೋ?

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಹೋಗಿ ಡಾಕ್ಟರಿಗೆ ಹೇಳಿಬಿಟ್ಟಳು.

"ನೀನು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಕಣಮ್ಮ," ಎಂದರು ಡಾಕ್ಟರು.

"ಗೊತ್ತು ಸಾರ್. ಆದ್ರೆ ನಾಳೆ ಇದನ್ನ ನಂಬ್ಕೊಂಡು ಯಾರೋ ಆಪರೇಷನ್‌ಗೆ ಮಲಗ್ತಾರಲ್ಲ."

ಡಾಕ್ಟರು ಬಹಳ ಹೊತ್ತು ಕನ್ನಡಕ ಒರೆಸಿದರು. "ಹೊಸ ಹಾಸು ತರಿಸು. ಮೊದಲಿಂದ ಮಾಡೋಣ."

ಆರು ವಾರ ಮಾಡಿದರು. ಎರಡೂ ಮೇಜು ಬೆಚ್ಚಗಿದ್ದವು, ಎರಡೂ ಕಡೆಯ ಇಲಿಗಳ ಲಿವರ್ ಒಂದೇ ಥರ ಹಾಳಾಗಿತ್ತು. ಆ ಹಾಸು ಮಾಡಿದ ಪುಣ್ಯಾತ್ಮನ ಮೇಲೆ ನನಗೆ ಈಗಲೂ ಕೋಪವಿದೆ.

ಕೆಲಸದ ಕೊನೆಯ ದಿನ ಡಾಕ್ಟರು ದಾಖಲೆ ಪುಸ್ತಕ ತೆರೆದು, 'ಔಷಧಿಯಿಂದ ಪ್ರಯೋಜನ ಕಂಡುಬಂದಿಲ್ಲ' ಎಂದು ಬರೆಯತೊಡಗಿದರು. ಅಕ್ಷರಗಳು ಸೊಟ್ಟಗಾಗುತ್ತಿದ್ದವು. ಚಿಕ್ಕಮ್ಮ ಪಕ್ಕಕ್ಕೆ ಬಂದು, ಅವರು ಬರೆದು ಮುಗಿಸುವವರೆಗೂ ಪುಸ್ತಕ ಅಲುಗದಂತೆ ಎರಡೂ ಕೈಯಿಂದ ಹಿಡಿದುಕೊಂಡಳು.