ಟೇಪು ಸುತ್ತಿದ ವೈರು

ನನ್ನ ತಂಗಿಯ ಬಲಗೈ ನಡುಬೆರಳು ಪೂರ್ತಿ ಮಡಚುವುದಿಲ್ಲ. ಬಾಗಿಲಿಗೆ ಸಿಕ್ಕಿತ್ತು ಎಂದು ಮನೆಯವರೆಲ್ಲ ನಂಬಿದ್ದರು. ಬಾಗಿಲಿಗಲ್ಲ, ಅದು ನನ್ನ ಕಾಲಿಗೆ ಸಿಕ್ಕಿತ್ತು.

ಏಳನೇ ತರಗತಿಗೆ ಶಾಲೆ ಬಿಟ್ಟ ನಾನು ನಮ್ಮೂರು ರೋಣದಲ್ಲೇ ಪಂಪ್‌ಸೆಟ್ ಮೋಟಾರು ಸುತ್ತುವ ಕೆಲಸಕ್ಕೆ ಸೇರಿದೆ. ತಪ್ಪಿದರೆ ಮಿಸ್ತ್ರಿ ನಟ್ಟು ಬಿಚ್ಚುವ ಪಾನಾದಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದ. ಹೊಡೆದರೆ ಕೆಲಸ ಬರುತ್ತದೆ ಎಂದು ನಾನೂ ನಂಬಿಕೊಂಡೆ. ಅವನು ಕಲಿಸಿದ ಇನ್ನೊಂದು ಮಾತು, ಉಳಿದ ವೈರಿನ ತುದಿಯನ್ನು ಬರಿದೇ ಬಿಡಬಾರದು, ಟೇಪು ಸುತ್ತಬೇಕು.

ತಂಗಿ ಮನೆಯ ಹಳೇ ಕಂಪ್ಯೂಟರಿನಲ್ಲಿ ಟೈಪಿಂಗ್ ರೂಢಿ ಮಾಡಿಕೊಳ್ಳುತ್ತಿದ್ದಳು. ನೌಕರಿಯ ಟೈಪಿಂಗ್ ಪರೀಕ್ಷೆಗೆ ಹನ್ನೆರಡು ದಿನವಿತ್ತು. ಯಂತ್ರ ನಿಧಾನವೆಂದು ನರಗುಂದದ ಗೆಳೆಯನೊಬ್ಬನಿಂದ ಚಾಲ್ತಿಯಲ್ಲಿದ್ದ ಬೇರೆ ಮದರ್‌ಬೋರ್ಡು ತಂದು ನಾನೇ ಕೂರಿಸಿದೆ. ಕೊನೆಗೆ ನಾಲ್ಕು ತೂತಿನ ಒಂದು ವೈರು ಉಳಿಯಿತು. ಅದರ ಜಾಗ ಫ್ಯಾನಿನ ಮರೆಯಲ್ಲಿತ್ತು, ನನಗೆ ಕಾಣಲಿಲ್ಲ. ಇದು ಈ ಬೋರ್ಡಿಗೆ ಬೇಡದ್ದು ಎಂದು ಟೇಪು ಸುತ್ತಿ ಮೂಲೆಗೆ ತುರುಕಿದೆ.

ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಮೆಮರಿ ಪಟ್ಟಿ ತೆಗೆದು ಒರೆಸಿ ಹಾಕಿದೆ. ಪರದೆಯ ವೈರು ಬದಲಿಸಿದೆ. ಆಮೇಲೆ ಕಂಪ್ಯೂಟರಿನ ಡಬ್ಬಿಗೆ ಗುದ್ದಿದೆ, ಒದ್ದೆ. ಒಂದು ಮೂಲೆ ನೆಗ್ಗಿತು.

"ಅಣ್ಣಾ, ಒದ್ದರ ಏಳಾಕ ಅದೇನ ಎತ್ತ?" ಎಂದಳು ತಂಗಿ.

ಕೆನ್ನೆಗೆ ಬಾರಿಸಿದೆ. ಅವಳ ತಲೆ ಗೋಡೆಗೆ ಬಡಿಯಿತು. ಅತ್ತಳು. ಅಳುತ್ತಲೇ ಮತ್ತೆ ಬಂದು ಡಬ್ಬಿಯೊಳಗೆ ಕೈ ಹಾಕಿದಳು.

"ಈ ವೈರ್ ಹಚ್ಚಿಲ್ಲ ನೀ. ನಾ ವಿಡಿಯೋದಾಗ ನೋಡೀನಿ, ಇದು ಬೇಕ ಬೇಕು."

"ಹದಿನೈದು ವರ್ಷ ಆತು ನಾ ವೈರ್ ಮುಟ್ಟಾಕ ಹತ್ತಿ. ನೀ ನನಗ ಕಲಸ್ತಿ? ಕೈ ತಗಿ."

"ತಗಿಯಂಗಿಲ್ಲ. ಒಮ್ಮೆ ಹಚ್ಚಿ ನೋಡು."

ನೆಲದ ಮೇಲೆ ಮಲಗಿಸಿದ್ದ ಡಬ್ಬಿಗೆ ತಗಡಿನ ಮುಚ್ಚಳ ಹಾಕಿ ಮೇಲೆ ತುಳಿದೆ. ಅವಳ ಕೈ ಒಳಗಿದೆ ಎಂದು ನನಗೆ ಗೊತ್ತಿತ್ತು. ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಹಸಿ ಕಟ್ಟಿಗೆ ಮುರಿದಂಥ ಸಪ್ಪಳವಾಯಿತು. ಮುಚ್ಚಳ ಎತ್ತಿದಾಗ ಉಗುರು ಕಿತ್ತು ಬೋರ್ಡಿನ ಮೇಲೆ ಬಿದ್ದಿತ್ತು, ರಕ್ತ ವೈರುಗಳ ಮೇಲೆ ಇಳಿಯುತ್ತಿತ್ತು. ದವಾಖಾನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು, "ಬಾಗಲಾಗ ಸಿಕ್ಕಿತ್ರಿ."

ಮರುದಿನ ರಕ್ತ ಒರೆಸಿ ಯಂತ್ರವನ್ನು ಗಜೇಂದ್ರಗಡದ ಅಂಗಡಿಗೆ ಒಯ್ದೆವು. ಅಂಗಡಿಯವನು ಟೇಪು ಕಂಡು ನಕ್ಕ.

"ಕಂಪ್ಯೂಟರಿಗೆ ಗಾಯಪಟ್ಟಿ ಕಟ್ಟ್ಯಾರಲ್ರಿ. ತಂಗ್ಯವ್ವನ ಕೈಗೂ ಕಟ್ಟೇತಿ. ಇಬ್ಬರಿಗೂ ಒಮ್ಮೆಲೆ ಪೆಟ್ಟಾತೇನು?"

ಟೇಪು ಬಿಚ್ಚಿ ವೈರು ಹಚ್ಚಿದ. ಪರದೆ ಬೆಳಗಿತು.

"ಯಾರ್ರಿ ಈ ಶಾಣ್ಯಾ ಕೆಲಸ ಮಾಡಿದವರು?"

"ಈಕೀನ ರೀ," ಎಂದೆ.

ತಂಗಿ ನನ್ನ ಮುಖ ನೋಡಿ, ಆಮೇಲೆ ರಸ್ತೆ ಕಡೆ ತಿರುಗಿದಳು. ಒಂಬತ್ತು ಬೆರಳಿನಲ್ಲಿ ಪರೀಕ್ಷೆ ಬರೆದಳು. ವೇಗ ಸಾಲಲಿಲ್ಲ. ಈಗ ಝೆರಾಕ್ಸ್ ಅಂಗಡಿಯೊಂದರಲ್ಲಿ ಟೈಪ್ ಮಾಡುತ್ತಾಳೆ.

ಹೋದ ತಿಂಗಳು ಅವಳೆದುರು ಕುಳಿತು ತಪ್ಪಾಯಿತು ಎಂದೆ.

"ಬೆರಳಿಂದು ಬಿಡು," ಎಂದಳು. "ಅಂಗಡ್ಯಾಗ ನನ್ನ ಹೆಸರು ಹೇಳಿದ್ಯಲ್ಲ, ಅದನ್ನ ಹೋಗಿ ಸರಿ ಮಾಡಿ ಬಾ."

ಗಜೇಂದ್ರಗಡಕ್ಕೆ ಹೋದೆ. ಟೇಪು ಸುತ್ತಿದ್ದು ನಾನು ಎಂದೆ. ಅಂಗಡಿಯವನಿಗೆ ನೆನಪೇ ಇರಲಿಲ್ಲ. ತುಳಿದದ್ದನ್ನೂ ಹೇಳಿದೆ. ಸ್ಕ್ರೂ ಬಿಚ್ಚುತ್ತಿದ್ದ ಅವನ ಕೈ ನಿಂತಿತು.

"ನಿಮ್ಮ ತಾಯಿಗೆ ಹೇಳೀರೇನ್ರಿ ಇದನ್ನ?"

"ಇಲ್ಲ."

"ಮತ್ತ ನನಗ್ಯಾಕ ಹೇಳಾಕ ಬಂದ್ರಿ?"

ಅಂದೇ ಊರಿಗೆ ಬಂದು ಅವ್ವನಿಗೆ ಹೇಳಿದೆ. ಅವಳು ಹೊಡೆಯುತ್ತಾಳೆಂದು ಕಾದೆ, ಹೊಡೆಯಲಿ ಎಂದೂ ಬಯಸಿದೆ. ಅವ್ವ ನನ್ನ ಕಡೆ ನೋಡಲಿಲ್ಲ. ತಂಗಿಯನ್ನು ಹತ್ತಿರ ಕೂರಿಸಿಕೊಂಡು, ಆ ಬೆರಳನ್ನು ಹಿಡಿದು ಮೆಲ್ಲಗೆ ಮಡಚಲು ನೋಡಿದಳು. ಅದು ಅರ್ಧಕ್ಕೇ ನಿಂತಿತು.